ಕೆರೆ ಹಾಗೂ ಜಲಾನಯನ ಪ್ರದೇಶಗಳ ಸಂರಕ್ಷಣೆಯಲ್ಲಿ ಸ್ವಯಂಸೇವೆ: ಸಾರ್ವಜನಿಕರಿಗೆ ಮಾಹಿತಿ

ಮಳೆನೀರು ಹರಿದು ಒಂದೇ ಹಳ್ಳ, ಕೆರೆ ಅಥವಾ ನದಿಯನ್ನು ಸೇರುವ ಸಮಗ್ರ ಭೂಪ್ರದೇಶವನ್ನು ಜಲಾನಯನ ಪ್ರದೇಶವೆಂದು ಕರೆಯಲಾಗುತ್ತದೆ. ರಾಜ್ಯದ ಬಯಲುಸೀಮೆಯ ಕೆರೆಗಳು ಬಹುಮಟ್ಟಿಗೆ ಸರಪಳಿಯ ರೂಪದಲ್ಲಿದ್ದು, ಮೇಲಿನ ಕೆರೆಯ ಕೋಡಿಯಿಂದ ಹರಿದ ನೀರು ಕೆಳಗಿನ ಕೆರೆಯನ್ನು ತುಂಬುತ್ತದೆ. ಆದುದರಿಂದ ಒಂದು ಗ್ರಾಮದಲ್ಲಿ ಕೈಗೊಂಡ ಕೆಲಸದ ಪರಿಣಾಮವು ಕೆಳಗಿನ ಗ್ರಾಮಗಳ ಮೇಲೂ ಆಗುತ್ತದೆಂಬುದನ್ನು ಸ್ವಯಂಸೇವಕರು ಮೊದಲೇ ಅರಿತಿರುವುದು ಅವಶ್ಯ.

ಅನುಮತಿ

ಅರಣ್ಯ, ಸರೋವರ, ನದಿಗಳನ್ನೊಳಗೊಂಡ ನೈಸರ್ಗಿಕ ಪರಿಸರವನ್ನು ರಕ್ಷಿಸುವುದು ಸಂವಿಧಾನದ 51ಎ(ಜಿ) ಅನುಚ್ಛೇದದ ಪ್ರಕಾರ ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯ. ಆದರೂ ಅನುಮತಿಯಿಲ್ಲದೆ ಕೆರೆಯ ಅಂಗಳದಲ್ಲಿ ಅಗೆಯಲು ಅವಕಾಶವಿರುವುದಿಲ್ಲ. ಸಾಮಾನ್ಯವಾಗಿ 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟುಳ್ಳ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ ವ್ಯಾಪ್ತಿಗೂ, 40ರಿಂದ 2,000 ಹೆಕ್ಟೇರ್‌ವರೆಗಿನ ಅಚ್ಚುಕಟ್ಟುಳ್ಳ ಕೆರೆಗಳು ಸಣ್ಣ ನೀರಾವರಿ ಇಲಾಖೆಯ ವ್ಯಾಪ್ತಿಗೂ ಬರುತ್ತವೆ. ತಮ್ಮ ಕೆರೆ ಯಾರ ಅಧೀನದಲ್ಲಿದೆ ಎಂಬುದು ತಿಳಿಯದಿದ್ದಲ್ಲಿ, ಗ್ರಾಮ ಪಂಚಾಯಿತಿ ಕಾರ್ಯಾಲಯದಲ್ಲಿ ವಿಚಾರಿಸುವುದು ಸೂಕ್ತ. ಕೆಲಸದ ವಿಷಯವನ್ನು ಗ್ರಾಮಸಭೆಯ ಮುಂದೆ ಇಟ್ಟು ಚರ್ಚಿಸಿದಲ್ಲಿ ಮುಂದಿನ ತಕರಾರುಗಳು ಎಷ್ಟೋ ತಪ್ಪುತ್ತವೆ.

ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ಬಹುತೇಕ ತಂಡಗಳು ಹೂಳೆತ್ತುವುದರಿಂದಲೇ ಆರಂಭಿಸಲು ಉತ್ಸುಕವಾಗಿರುತ್ತವೆ. ಆದರೆ ನೀರು ತರುವ ಕಾಲುವೆ ಮುಚ್ಚಿಹೋಗಿದ್ದಲ್ಲಿ, ಎಷ್ಟು ಹೂಳು ತೆಗೆದರೂ ಕೆರೆ ತುಂಬುವುದಿಲ್ಲ. ಜಲಾನಯನದ ಮೇಲ್ಭಾಗದಲ್ಲಿ ಮಣ್ಣಿನ ಕೊಚ್ಚಣೆ ನಿಲ್ಲದಿದ್ದಲ್ಲಿ, ತೆಗೆದ ಹೂಳು ಕೆಲವೇ ಮಳೆಗಾಲಗಳಲ್ಲಿ ಮರಳಿ ಬಂದು ಸೇರುತ್ತದೆ. ವಿಶ್ವಬ್ಯಾಂಕ್ ನೆರವಿನೊಂದಿಗೆ 2001ರಿಂದ 2009ರವರೆಗೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ ಹಾಗೂ ಧಾರವಾಡ ಜಿಲ್ಲೆಗಳಲ್ಲಿ ಅನುಷ್ಠಾನಗೊಂಡ ಸುಜಲ ಯೋಜನೆಯಲ್ಲಿ ಗುಡ್ಡದ ನೆತ್ತಿಯಿಂದ ಕಣಿವೆಯ ಕಡೆಗೆ ಸಾಗುವ ಕ್ರಮವನ್ನೇ ಅನುಸರಿಸಲಾಗಿತ್ತು. ಮೇಲ್ಭಾಗದ ಹೊಲಗಳಿಗೆ ಬದು, ಕೊರಕಲುಗಳಿಗೆ ಕಲ್ಲಿನ ತಡೆ, ಬಳಿಕ ಕಾಲುವೆಯ ಸ್ವಚ್ಛತೆ, ಕೊನೆಯಲ್ಲಿ ಕೆರೆಯಂಗಳ ಎಂಬುದು ಸ್ವಯಂಸೇವಕರಿಗೂ ಅನ್ವಯವಾಗುವ ಕ್ರಮವಾಗಿದೆ. ಹೊಲಗಳಲ್ಲಿ ಕೆಲಸ ಮಾಡುವ ಮುನ್ನ ಆಯಾ ರೈತರ ಒಪ್ಪಿಗೆ ಪಡೆಯತಕ್ಕದ್ದು.

ಇದಕ್ಕೆ ಮೊದಲು, ಮುಂಗಾರಿನ ಒಂದು ದೊಡ್ಡ ಮಳೆಯ ನಂತರ ಕಾಲುವೆಯ ಉದ್ದಕ್ಕೂ ನಡೆದು ನೋಡುವುದು ಉತ್ತಮ. ನೀರು ಎಲ್ಲಿ ದಾರಿ ತಪ್ಪಿದೆ ಎಂಬುದು ಯಾವ ನಕ್ಷೆಗಿಂತಲೂ ಸ್ಪಷ್ಟವಾಗಿ ಅಂದು ಕಾಣುತ್ತದೆ. ಗ್ರಾಮದಲ್ಲಿ ನೀರುಗಂಟಿ ಮನೆತನದ ಹಿರಿಯರಿದ್ದಲ್ಲಿ ಅವರನ್ನು ತಪ್ಪದೆ ಜೊತೆಗೆ ಕರೆದೊಯ್ಯುವುದು.

ಎಚ್ಚರಿಕೆ

ಏರಿಯ ಬುಡದಲ್ಲಿ ಯಾವ ಕಾರಣಕ್ಕೂ ಮಣ್ಣು ತೆಗೆಯಬಾರದು. ಇದರಿಂದ ಏರಿ ದುರ್ಬಲಗೊಂಡು, ಕೆರೆ ತುಂಬಿದ ವರ್ಷವೇ ಒಡೆಯುವ ಅಪಾಯವಿರುತ್ತದೆ. ಕೆಳಗಿನ ಮನೆ, ಗದ್ದೆಗಳಿಗೆ ಆಗುವ ಹಾನಿ ಅಪಾರ. ಅಂಗಳವನ್ನು ಮಿತಿಮೀರಿ ಆಳ ಮಾಡಿದಲ್ಲಿ ತಳದ ಜೇಡಿಮಣ್ಣಿನ ಪದರ ಕಿತ್ತುಹೋಗಿ ನೀರು ನಿಲ್ಲದೆ ಇಂಗಬಹುದು. ಆಳ ಎಷ್ಟಿರಬೇಕೆಂಬುದನ್ನು ಇಂಜಿನಿಯರ್ ಅವರೇ ನಿರ್ಧರಿಸತಕ್ಕದ್ದು. ಏರಿಯ ಮೇಲೆ ದೊಡ್ಡ ಮರಗಳನ್ನು ಬೆಳೆಸುವುದೂ ಸಲ್ಲದು: ಬೇರು ಕೊಳೆತ ಜಾಗದಲ್ಲಿ ನೀರು ಜಿನುಗಲು ದಾರಿಯಾಗುತ್ತದೆ. ಗಿಡ ನೆಡುವ ಉತ್ಸಾಹವುಳ್ಳವರು ಕೆರೆಯ ಮೇಲ್ಭಾಗದ ಪಾಳುಭೂಮಿಯನ್ನು, ಸಂಬಂಧಪಟ್ಟವರ ಒಪ್ಪಿಗೆಯೊಂದಿಗೆ, ಆರಿಸಿಕೊಳ್ಳಬಹುದು. ಎರಡು ಬೇಸಿಗೆಗಳ ಕಾಲ ನೀರೆರೆಯುವ ಹೊಣೆಯನ್ನು ಯಾರು ವಹಿಸಿಕೊಳ್ಳುವರೆಂದು ನೆಡುವ ಮೊದಲೇ ಗೊತ್ತುಪಡಿಸುವುದು. ಬಳ್ಳಾರಿ ಜಾಲಿಯನ್ನು ಬುಡಸಮೇತ ಕೀಳತಕ್ಕದ್ದು. ಕಡಿದಷ್ಟೇ ಬಿಟ್ಟಲ್ಲಿ ಮತ್ತೆ ಚಿಗುರುತ್ತದೆ.

ಒತ್ತುವರಿ

ಕೆರೆ ಅಥವಾ ಕಾಲುವೆಯ ಒತ್ತುವರಿಯನ್ನು ಸ್ವಯಂಸೇವಕರು ತಾವಾಗಿ ತೆರವುಗೊಳಿಸಬಾರದು. ಸರ್ವೆ ನಂಬರ್, ಗ್ರಾಮ ನಕ್ಷೆಯ ಪ್ರತಿ ಹಾಗೂ ಛಾಯಾಚಿತ್ರಗಳೊಂದಿಗೆ ತಾಲ್ಲೂಕಿನ ತಹಶೀಲ್ದಾರ್ ಅವರಿಗೆ ಲಿಖಿತ ಮನವಿ ಸಲ್ಲಿಸಿ, ಅಳತೆ ಮಾಡಿಸಿ ಗಡಿ ಗುರುತಿಸುವಂತೆ ಕೋರಬಹುದು. ಮನವಿಯ ಒಂದು ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿ ಪಡೆದು ತಮ್ಮಲ್ಲಿ ಇರಿಸಿಕೊಳ್ಳತಕ್ಕದ್ದು.