ಚೆನ್ನೈಯ ವುಡ್‌ಕಟ್ ಕಲೆ

ಮರದ ಹಲಗೆಯ ಮೇಲೆ ಚಿತ್ರ ಬರೆದು, ಬಿಳಿಯಾಗಿ ಕಾಣಬೇಕಾದ ಜಾಗವನ್ನೆಲ್ಲ ಉಳಿಯಿಂದ ಕೆತ್ತಿ ತೆಗೆದು, ಮಿಕ್ಕ ಉಬ್ಬು ಭಾಗಕ್ಕೆ ಶಾಯಿ ಹಚ್ಚಿ ಕಾಗದಕ್ಕೆ ಇಳಿಸುವ ಕಲೆ ವುಡ್‌ಕಟ್. ಚೆನ್ನೈಯಲ್ಲಿ ಇದು ಮೊದಲು ಪುಸ್ತಕಗಳಿಗೆ ಚಿತ್ರ ಒದಗಿಸುವ ಕಸುಬಾಗಿತ್ತು. 20ನೆಯ ಶತಮಾನದ ಉತ್ತರಾರ್ಧದಲ್ಲಿ ಗ್ರಾಫಿಕ್ ಕಲೆಯ, ಅಂದರೆ ಅಚ್ಚುಚಿತ್ರ ಕಲೆಯ, ಒಂದು ಶಾಖೆಯಾಗಿ ಕಲಾವಿದರ ಕೈಗೆ ಬಂತು. ಎರಡು ಕಾಲದಲ್ಲೂ ಇದು ಒಂಟಿಯಾಗಿ ಬೆಳೆಯಲಿಲ್ಲ. ಶಾಲೆ, ಅಚ್ಚುಕೂಟ, ಹಂಚಿಕೊಂಡ ಸ್ಟುಡಿಯೋ ಇವುಗಳ ಆಸರೆಯಲ್ಲೇ ಬೆಳೆದುಬಂದಿದೆ.

ಆಗಿನ ಮದರಾಸಿನಲ್ಲಿ ಮುದ್ರಣ ಬೇರೂರಿದ್ದು 1761ರ ನಂತರ. ಆ ವರ್ಷ ಬ್ರಿಟಿಷರು ಪಾಂಡಿಚೇರಿಯನ್ನು ಗೆದ್ದಾಗ ಅಲ್ಲಿ ಸಿಕ್ಕ ಫ್ರೆಂಚರ ಮುದ್ರಣಯಂತ್ರವನ್ನು ಮದರಾಸಿಗೆ ತಂದರು. ವೇಪೇರಿಯಲ್ಲಿದ್ದ ಮಿಷನರಿ ಫೆಬ್ರಿಸಿಯಸ್ ಅದನ್ನು ವಹಿಸಿಕೊಂಡ. ಮರಗೆತ್ತನೆಯ ವ್ಯವಸ್ಥಿತ ಶಿಕ್ಷಣಕ್ಕೆ ಮಾತ್ರ ಮತ್ತೆ ಸುಮಾರು ತೊಂಬತ್ತು ವರ್ಷ ಕಾಯಬೇಕಾಯಿತು. 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ಸೇನಾ ವೈದ್ಯ ಪೋಫಮ್ಸ್ ಬ್ರಾಡ್‌ವೇಯಲ್ಲಿ ಖಾಸಗಿಯಾಗಿ ಒಂದು ಕಲಾಶಾಲೆ ತೆರೆದ. ಕೆಲವೇ ವರ್ಷಗಳಲ್ಲಿ ಸರ್ಕಾರದ ವಶಕ್ಕೆ ಬಂದ ಆ ಶಾಲೆಯೇ ಇಂದಿನ ಸರ್ಕಾರಿ ಲಲಿತಕಲಾ ಕಾಲೇಜು. ಹಂಟರ್‌ಗೆ ಬೇಕಾಗಿದ್ದದ್ದು ದುಡಿದು ತಿನ್ನಬಲ್ಲ ಕುಶಲಕರ್ಮಿಗಳು. ಹಾಗಾಗಿ ಕುಂಬಾರಿಕೆ, ಚಿತ್ರರಚನೆಗಳ ಜೊತೆಗೆ ಮರದಚ್ಚಿನ ಕೆತ್ತನೆಯನ್ನೂ ಅಲ್ಲಿ ಕಲಿಸಲಾಯಿತು.

ಆ ಕಾಲದ ಪುಸ್ತಕಗಳಿಗೆ ಬೇಕಾಗಿದ್ದದ್ದು ವುಡ್ ಎನ್‌ಗ್ರೇವಿಂಗ್. ವುಡ್‌ಕಟ್‌ನಲ್ಲಿ ಉದ್ದಕ್ಕೆ ಸೀಳಿದ ಹಲಗೆಯನ್ನು ಬಳಸಿದರೆ, ಎನ್‌ಗ್ರೇವಿಂಗ್‌ನಲ್ಲಿ ಕಾಂಡವನ್ನು ಅಡ್ಡಕ್ಕೆ ಕೊಯ್ದ ಬಿಲ್ಲೆಯ ಮೇಲೆ ಕೆತ್ತುತ್ತಾರೆ. ಅಡ್ಡಕೊಯ್ತದಲ್ಲಿ ಮರದ ಎಳೆ ಉಳಿಯನ್ನು ತನ್ನ ದಾರಿಗೆ ಎಳೆಯುವುದಿಲ್ಲವಾದ್ದರಿಂದ ಕೂದಲಿನಷ್ಟು ಸಣ್ಣ ಗೆರೆಯೂ ನಿಲ್ಲುತ್ತದೆ. ಅಚ್ಚಿನ ಎತ್ತರ ಸೀಸದ ಅಚ್ಚುಮೊಳೆಗಳಷ್ಟೇ ಇರುವುದರಿಂದ ಚಿತ್ರವನ್ನೂ ಅಕ್ಷರಗಳನ್ನೂ ಒಂದೇ ಚೌಕಟ್ಟಿನಲ್ಲಿ ಬಿಗಿದು ಒಟ್ಟಿಗೆ ಮುದ್ರಿಸಬಹುದು. ಯುರೋಪಿನಲ್ಲಿ ಇದಕ್ಕೆ ಬಳಸುತ್ತಿದ್ದ ಬಾಕ್ಸ್‌ವುಡ್ ಇಲ್ಲಿ ದುಬಾರಿ, ಒತ್ತಾದ ಎಳೆಯ ಊರ ಮರ ಸಿಕ್ಕರೆ ಎಷ್ಟೋ ಅನುಕೂಲ. ದಕ್ಷಿಣದಲ್ಲಿ ಅಂಥ ಮರಗಳಿಗೆ ಕೊರತೆಯಿಲ್ಲ. ಚನ್ನಪಟ್ಟಣದ ಗೊಂಬೆಗಳಿಂದ ಕನ್ನಡಿಗರಿಗೆ ಚಿರಪರಿಚಿತವಾದ ಹಾಲೆ ಮರ ಅವುಗಳಲ್ಲಿ ಒಂದು.

ಶಾಲೆಯ ಆಚೆ, ಬೀದಿಯಲ್ಲಿ ಇನ್ನೊಂದು ಬಗೆಯ ಮರದಚ್ಚು ಬಳಕೆಯಲ್ಲಿತ್ತು. 19ನೆಯ ಶತಮಾನದ ಕೊನೆಯಿಂದ ಮದರಾಸಿನ ಗುಜಿಲಿ ಬಜಾರಿನಲ್ಲಿ ಕೊಲೆ ಸುದ್ದಿ, ನೆರೆಹಾವಳಿ, ರೈಲು ಅಪಘಾತ, ದೇವರ ಕಥೆಗಳನ್ನು ಹಾಡಾಗಿಸಿ ಅಗ್ಗದ ತಮಿಳು ಹೊತ್ತಗೆಗಳಲ್ಲಿ ಅಚ್ಚುಹಾಕಿ ಮಾರುತ್ತಿದ್ದರು. ಆ ಹೊತ್ತಗೆಗಳ ಮುಖಪುಟಕ್ಕೆ ದಪ್ಪ ಗೆರೆಯ ಒರಟು ಚಿತ್ರಗಳು. ನಯವಾದ ಎನ್‌ಗ್ರೇವಿಂಗ್‌ಗಿಂತ ಈ ಒರಟು ಚಿತ್ರಗಳಲ್ಲೇ ಮರದ ಗುಣ ಹೆಚ್ಚು ಎದ್ದು ಕಾಣುತ್ತದೆ. ಕಲಾ ಇತಿಹಾಸ ಇವಕ್ಕೆ ಇನ್ನೂ ಹೆಚ್ಚು ಗೌರವ ಕೊಡಬೇಕು. ಛಾಯಾಚಿತ್ರದಿಂದ ನೇರವಾಗಿ ಲೋಹದ ಬ್ಲಾಕ್ ಮಾಡುವ ವಿಧಾನ ಬಂದಮೇಲೆ ಕೆತ್ತನೆಗಾರರ ಈ ಕಸುಬು ನಿಧಾನವಾಗಿ ನಿಂತುಹೋಯಿತು.

ಕಸುಬಾಗಿ ನಿಂತದ್ದು ಕಲೆಯಾಗಿ ಮರಳಿ ಬರುವುದಕ್ಕೆ ಬಂಗಾಳದ ಪ್ರೇರಣೆ ದೊಡ್ಡದು. ನಂದಲಾಲ ಬೋಸರು 1930ರ ದಂಡಿಯಾತ್ರೆಯ ಗಾಂಧಿಯನ್ನು, ಮರದ ಬದಲು ಲಿನೋಲಿಯಂ ಹಾಳೆ ಬಳಸುವ ಲಿನೋಕಟ್‌ನಲ್ಲಿ ಕೆತ್ತಿದ್ದರು. ಆ ಹೊತ್ತಿಗೆ ಮದರಾಸಿನ ಶಾಲೆಯ ಚುಕ್ಕಾಣಿ ಬಂಗಾಳದವರೇ ಆದ ದೇವಿಪ್ರಸಾದ್ ರಾಯ್ ಚೌಧುರಿಯವರ ಕೈಗೆ ಬಂದಿತ್ತು (1929–57). ಮುಂದೆ, ಒಂದೇ ತಗಡಿನಿಂದ ಹಲವು ಬಣ್ಣ ಒತ್ತುವ ವಿಸ್ಕಾಸಿಟಿ ಮುದ್ರಣದಿಂದ ಜಗತ್ಪ್ರಸಿದ್ಧರಾದ ಕೃಷ್ಣಾ ರೆಡ್ಡಿ ಕೂಡ ಬಂಗಾಳದ ಶಾಂತಿನಿಕೇತನದಲ್ಲಿ ಕಲಿತು 1940ರ ದಶಕದ ಕೊನೆಯಲ್ಲಿ ಇಲ್ಲಿಯ ಕಲಾಕ್ಷೇತ್ರದಲ್ಲಿ ಕಲಾವಿಭಾಗದ ಮುಖ್ಯಸ್ಥರಾಗಿದ್ದರು. 1957ರಲ್ಲಿ ಮದರಾಸಿನ ಕಲಾಶಾಲೆಯ ಪ್ರಾಂಶುಪಾಲರಾದ ಕೆ.ಸಿ.ಎಸ್. ಪಣಿಕ್ಕರ್ ಮತ್ತು ಅವರ ಸುತ್ತಲಿನವರು ಮದರಾಸಿನ ಕಲೆಗೆ ಗೆರೆಯನ್ನೇ ಬೆನ್ನೆಲುಬಾಗಿ ಮಾಡಿಕೊಂಡರು. ಈ ಗೆರೆಯನ್ನು ವಿಮರ್ಶಕರು ಕೋಲಂ (ರಂಗೋಲಿ), ತಾಳೆಗರಿ, ಕಂಚಿನ ವಿಗ್ರಹಗಳ ಜೊತೆ ಇಟ್ಟು ನೋಡುತ್ತಾರೆ. ಅಚ್ಚುಚಿತ್ರದ ಗೆರೆಯ ಜೊತೆಗೂ ಇಟ್ಟು ನೋಡಿದರೆ ಅದರ ಬಿಗಿ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಪಣಿಕ್ಕರ್ 1966ರಲ್ಲಿ ಕಟ್ಟಿದ ಚೋಳಮಂಡಲ ಕಲಾಗ್ರಾಮದ ಸ್ಥಾಪಕ ಸದಸ್ಯರಲ್ಲಿ ಮೈಸೂರಿನ ಎಸ್.ಜಿ. ವಾಸುದೇವ್ ಒಬ್ಬರು. ‘ಸಂಸ್ಕಾರ’ ಚಲನಚಿತ್ರದ ಕಲಾನಿರ್ದೇಶಕರೂ ಆದ ಇವರು ಅಚ್ಚುಗಾರರಲ್ಲ. ಆದರೂ ತಾಮ್ರದ ತಗಡಿನಲ್ಲಿ ಅವರು ಮೂಡಿಸಿದ ಉಬ್ಬುಚಿತ್ರಗಳು, ಚಿತ್ರವನ್ನು ಬರಿಯ ಬಣ್ಣದಲ್ಲಲ್ಲದೆ ಉಬ್ಬುತಗ್ಗುಗಳಲ್ಲೂ ಕಾಣುವ ಆ ಬಳಗದ ಒಲವನ್ನು ತೋರುತ್ತವೆ.

ಇಂದು ನಗರದ ಅಚ್ಚು ಕಲಾವಿದರು ಮುಖ್ಯವಾಗಿ ಸೇರುವ ತಾಣಗಳು ಎರಡು: ಸರ್ಕಾರಿ ಲಲಿತಕಲಾ ಕಾಲೇಜಿನ ಪ್ರಿಂಟ್‌ಮೇಕಿಂಗ್ ವಿಭಾಗ, ಗ್ರೀಮ್ಸ್ ರಸ್ತೆಯಲ್ಲಿರುವ ಕೇಂದ್ರ ಲಲಿತಕಲಾ ಅಕಾಡೆಮಿಯ ಪ್ರಾದೇಶಿಕ ಕೇಂದ್ರ. ಲೋಹದ ತಗಡಿನಿಂದ ಅಚ್ಚು ತೆಗೆಯುವ ಎಚಿಂಗ್ ಪ್ರೆಸ್ಸನ್ನೋ ಕಲ್ಲಚ್ಚಿಗೆ ಬೇಕಾದ ಲಿಥೋ ಕಲ್ಲನ್ನೋ ಒಬ್ಬರೇ ಕೊಂಡು ಮನೆಯಲ್ಲಿ ಇಟ್ಟುಕೊಳ್ಳುವುದು ಸುಲಭವಲ್ಲ. ಒಂದೇ ಯಂತ್ರದ ಸುತ್ತ ಹತ್ತು ಜನ ಸರದಿಗೆ ಕಾಯುತ್ತಾ, ಪರಸ್ಪರರ ಪ್ರೂಫ್ (ಪರೀಕ್ಷಾ ಪ್ರತಿ) ನೋಡುತ್ತಾ ಕಲಿಯುವುದು ಇಲ್ಲಿಯ ಪದ್ಧತಿ. ವುಡ್‌ಕಟ್‌ಗೆ ಯಂತ್ರವೇ ಬೇಕೆಂದಿಲ್ಲ. ಆದರೂ ಅದನ್ನು ಮಾಡುವವರು ಹೆಚ್ಚಾಗಿ ಈ ಬಳಗದಿಂದಲೇ ಬಂದವರು. ಬೆಕ್ಕುಗಳ ಚಿತ್ರಸರಣಿಯಿಂದ ಹೆಸರಾದ, ಕಾಲೇಜಿನ ಪ್ರಾಂಶುಪಾಲರೂ ಆಗಿದ್ದ ಆರ್.ಬಿ. ಭಾಸ್ಕರನ್ ಅಚ್ಚುಚಿತ್ರಗಳನ್ನೂ ಮಾಡಿದ್ದಾರೆ. ದೇವಕೋಟ್ಟೈಯಲ್ಲಿ 1957ರಲ್ಲಿ ಹುಟ್ಟಿದ ಆರ್.ಎಂ. ಪಳನಿಯಪ್ಪನ್ ಅಮೆರಿಕದ ಟ್ಯಾಮರಿಂಡ್ ಸಂಸ್ಥೆಯಲ್ಲಿ ಲಿಥೋಗ್ರಫಿ ಕಲಿತು, ಗ್ರೀಮ್ಸ್ ರಸ್ತೆಯ ಕೇಂದ್ರದ ಕಾರ್ಯದರ್ಶಿಯಾಗಿ ಕೆಲಸ ಮಾಡಿದರು. ಕಾಲೇಜಿನಲ್ಲಿ ಪ್ರಿಂಟ್‌ಮೇಕಿಂಗ್ ಓದಿದ ಬೆನಿತಾ ಪರ್ಸಿಯಾಲ್ ಈಗ ಹೆಚ್ಚು ಪ್ರಸಿದ್ಧರಾಗಿರುವುದು ಧೂಪದ್ರವ್ಯಗಳಿಂದ ಮಾಡಿದ ಶಿಲ್ಪಗಳಿಗಾಗಿ.

ಕೆಲಸದ ಕ್ರಮ ಹೀಗೆ. ಪ್ಲೈವುಡ್ ಅಥವಾ ಒಣಗಿದ ಹಲಗೆಗೆ ಮರಳುಕಾಗದ ಉಜ್ಜಿ, ಚಿತ್ರವನ್ನು ಎಡಬಲ ತಿರುವಿ ಬರೆಯಬೇಕು. ಮೇಲ್ಮೈಗೆ ತೆಳ್ಳಗೆ ಕಪ್ಪು ಬಳಿದುಕೊಂಡರೆ ಕೆತ್ತಿದ್ದು ತಿಳಿಬಣ್ಣವಾಗಿ ಕಾಣುತ್ತದೆ. ಗೆರೆಯ ಎರಡೂ ಬದಿಗೆ ಮೊದಲು ಚಾಕು, ಆಮೇಲೆ ಬಿಡುವಿನ ಜಾಗಕ್ಕೆ ಅಗಲ ಉಳಿ. ಚಾಕುವನ್ನು ಗೆರೆಯಿಂದ ಹೊರಕ್ಕೆ ಇಳಿಜಾರಾಗಿ ಹಿಡಿದರೆ ಗೆರೆಯ ಬುಡ ಅಗಲವಾಗಿ ಉಳಿದು ಒತ್ತಡಕ್ಕೆ ಮುರಿಯುವುದಿಲ್ಲ. ರೋಲರಿನಲ್ಲಿ ಶಾಯಿ ಹಚ್ಚಿ, ಕಾಗದ ಹೊದಿಸಿ, ಚಮಚದ ಬೆನ್ನಿನಿಂದ ಉಜ್ಜಿದರೂ ಅಚ್ಚು ಬರುತ್ತದೆ. ಒಂದು ಮೂಲೆ ಅಲುಗದಂತೆ ಒತ್ತಿಹಿಡಿದು ಇನ್ನೊಂದನ್ನು ಎತ್ತಿ ನೋಡಿ, ಮಂಕಾದ ಕಡೆ ಮತ್ತೆ ಉಜ್ಜುತ್ತಾರೆ. ಹಲವು ಬಣ್ಣಗಳಿದ್ದರೆ ಸಾಮಾನ್ಯವಾಗಿ ಬಣ್ಣಕ್ಕೊಂದು ಹಲಗೆ. ಚೆನ್ನೈಯ ಕಡಲಗಾಳಿಯ ತೇವಕ್ಕೆ ಕಾಗದ ಹಿಗ್ಗುವುದರಿಂದ, ಬೆಳಿಗ್ಗೆ ಒತ್ತಿದ ಬಣ್ಣದ ಮೇಲೆ ಸಂಜೆಯ ಬಣ್ಣ ಸರಿಯಾಗಿ ಕೂರದೆ ಹೋಗಬಹುದು. ಅನುಭವಿಗಳು ಕಾಗದಗಳನ್ನೆಲ್ಲ ಒಟ್ಟಿಗೆ ಹದಗೊಳಿಸಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟು ಬಳಸುತ್ತಾರೆ. ಮುಗಿದ ಪ್ರತಿಗಳಿಗೆ ಪೆನ್ಸಿಲ್‌ನಲ್ಲಿ 3/15 ಎಂಬಂತೆ ಸಂಖ್ಯೆ ಹಾಕಿ ಸಹಿ ಮಾಡುವುದು ರೂಢಿ. ಅಂದರೆ ಹದಿನೈದು ಪ್ರತಿಗಳಲ್ಲಿ ಅದು ಮೂರನೆಯದು.

ಕೈಮುದ್ರಣ ಈ ನಗರದಲ್ಲಿ ಪುಸ್ತಕಗಳಲ್ಲೂ ಉಳಿದಿದೆ. ಅಂಥ ಪುಸ್ತಕಗಳಿಗೆ ಹೆಸರಾದ ಪ್ರಕಾಶನ ಸಂಸ್ಥೆ ತಾರಾ ಬುಕ್ಸ್ 1994ರಿಂದ ಇಲ್ಲಿದೆ. ಆದರೆ ಅದರ ಮುಖ್ಯ ವಿಧಾನ ಮರದಚ್ಚಲ್ಲ, ಸ್ಕ್ರೀನ್ ಪ್ರಿಂಟಿಂಗ್. ಗೊಂಡ ಬುಡಕಟ್ಟಿನ ಕಲಾವಿದರ ಪುಸ್ತಕ ‘ದ ನೈಟ್ ಲೈಫ್ ಆಫ್ ಟ್ರೀಸ್’ ಹೀಗೆ ಕಪ್ಪು ಕಾಗದದ ಮೇಲೆ ಅಚ್ಚಾದದ್ದು. ಚೆನ್ನೈಯ ಹೊರಗೆ, ಕರ್ನಾಟಕದಲ್ಲೇ ಗ್ರಾಫಿಕ್ ಕಲೆ ಕಲಿಯಬಯಸುವವರಿಗೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿದೆ. ಗ್ರೀಮ್ಸ್ ರಸ್ತೆಯ ಕೇಂದ್ರವಂತೂ ದಕ್ಷಿಣದ ರಾಜ್ಯಗಳಿಗೆಂದೇ ಇರುವುದರಿಂದ ಕನ್ನಡದ ಕಲಾವಿದರಿಗೂ ಅದರ ಬಾಗಿಲು ತೆರೆದಿದೆ.