ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ನಿಯಮ ಮತ್ತು ಕಾಫಿ ರಫ್ತು

ಅರಣ್ಯನಾಶಕ್ಕೆ ಕಾರಣವಾಗುವ ಉತ್ಪನ್ನಗಳ ಜಾಗತಿಕ ವ್ಯಾಪಾರವನ್ನು ನಿಯಂತ್ರಿಸಲು ಐರೋಪ್ಯ ಒಕ್ಕೂಟವು 2023ರಲ್ಲಿ ನಿಯಮವೊಂದನ್ನು ಅಂಗೀಕರಿಸಿತು. ಇದರಂತೆ, 2020ರ ಡಿಸೆಂಬರ್ 31ರ ನಂತರ ಅರಣ್ಯ ತೆರವುಗೊಳಿಸಿದ ಭೂಮಿಯಲ್ಲಿ ಬೆಳೆದ ಕಾಫಿಯನ್ನು ಒಕ್ಕೂಟದ ಮಾರುಕಟ್ಟೆಯಲ್ಲಿ ಮಾರುವಂತಿಲ್ಲ. 2025ರ ತಿದ್ದುಪಡಿಯ ಪ್ರಕಾರ ದೊಡ್ಡ ಹಾಗೂ ಮಧ್ಯಮ ಉದ್ದಿಮೆಗಳಿಗೆ ಈ ನಿಯಮದ ಅನ್ವಯ 2026ರ ಡಿಸೆಂಬರ್ 30ರಿಂದ.

ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ಮರಗಳ ನೆರಳಿನಲ್ಲಿರುವ ಕಾಫಿ ತೋಟಗಳು ನಿಯಮದ ವ್ಯಾಖ್ಯೆಯಲ್ಲಿ ಕೃಷಿ ಭೂಮಿಯೇ ಹೊರತು ಅರಣ್ಯವಲ್ಲ. ಆದರೆ ಆಮದುದಾರರು ಪ್ರತಿ ತೋಟದ ಅಕ್ಷಾಂಶ-ರೇಖಾಂಶವನ್ನು ಸಂಗ್ರಹಿಸುವುದು ಕಡ್ಡಾಯ. 4 ಹೆಕ್ಟೇರ್ (ಸುಮಾರು 10 ಎಕರೆ) ಮೀರಿದ ತೋಟಕ್ಕೆ ಗಡಿರೇಖೆಯೂ ಅಗತ್ಯ. ಈ ವಿವರವಿಲ್ಲದಿದ್ದರೆ, ಕಾಡು ಕಡಿಯದೆ ಬೆಳೆದ ಸಣ್ಣ ಬೆಳೆಗಾರರ ಕಾಫಿಯೂ ಐರೋಪ್ಯ ಮಾರುಕಟ್ಟೆಯಿಂದ ಹೊರಗುಳಿಯಬಹುದು. ಹೆಚ್ಚಿನ ಮಾಹಿತಿಗಾಗಿ ಕಾಫಿ ಮಂಡಳಿಯ ಸಮೀಪದ ಕಚೇರಿಯನ್ನು ಸಂಪರ್ಕಿಸಬಹುದು.