ಸಿಪ್ಪೆಯ ಸೌರಭ

ಕಿತ್ತಳೆಯ ಸಿಪ್ಪೆಯನ್ನು ಮಡಿಚಿ ಜೊತೆಗಾರರ ಕಣ್ಣಿಗೆ ಚಿಮ್ಮಿಸಿ ಬೈಸಿಕೊಂಡ ಬಾಲ್ಯವುಳ್ಳವರಿಗೆ ಹಣ್ಣಿನ ರಸಕ್ಕೂ ಸಿಪ್ಪೆಯ ತೈಲಕ್ಕೂ ಇರುವ ಭೇದವನ್ನು ಬೇರೆಯಾಗಿ ವಿವರಿಸಬೇಕಾದುದಿಲ್ಲ. ನಿಂಬೆಯ ಕುಲದಲ್ಲಿ ಹುಟ್ಟಿಯೂ, ತಿನ್ನುವುದಕ್ಕಿಂತ ಹೆಚ್ಚಾಗಿ ಈ ತೈಲಕ್ಕೋಸ್ಕರವೇ ಶತಮಾನಗಳಿಂದ ಬೆಳೆಯಲ್ಪಡುತ್ತ ಬಂದ ಹಣ್ಣು ಬೆರ್ಗಮೊಟ್. ಇಟಲಿಯ ದಕ್ಷಿಣದ ತುದಿಯಲ್ಲಿ, ಕಲಾಬ್ರಿಯ ಪ್ರಾಂತದ ರೆಜ್ಜೊ ನಗರದ ಆಸುಪಾಸಿನಲ್ಲಿ, ಬೆಟ್ಟಕ್ಕೂ ಕಡಲಿಗೂ ನಡುವೆ ಸಿಕ್ಕಿಕೊಂಡಿರುವ ಇಕ್ಕಟ್ಟಾದ ಕರಾವಳಿಯೇ ಅದರ ತವರು.

ಆದರೂ ಈ ಪರಿಮಳಕ್ಕೆ ಕೀರ್ತಿ ಬಂದುದು ತವರಿನ ಹೆಸರಿನಿಂದಲ್ಲ. ಇಟಲಿಯಲ್ಲಿ 1685ರಲ್ಲಿ ಜನಿಸಿ ಜರ್ಮನಿಯ ಕೊಲೋನ್ ನಗರದಲ್ಲಿ ನೆಲೆಸಿದ ಯೋಹಾನ್ ಮರಿಯ ಫರಿನ ಎಂಬಾತನು, ಕಸ್ತೂರಿ ಪುನುಗುಗಳ ಭಾರವಾದ ವಾಸನೆಗೆ ಒಗ್ಗಿಹೋಗಿದ್ದ ಯುರೋಪಿನ ಶ್ರೀಮಂತರಿಗೆ, ಬೆರ್ಗಮೊಟ್ ಮೊದಲಾದ ಸಿಪ್ಪೆಯೆಣ್ಣೆಗಳನ್ನು ಮದ್ಯಸಾರದಲ್ಲಿ ಕರಗಿಸಿದ ಹಗುರವಾದ ಸುಗಂಧಜಲವನ್ನು ಒದಗಿಸಿ, ಅದಕ್ಕೆ ತನ್ನನ್ನು ಪೊರೆದ ಊರಿನ ಹೆಸರನ್ನೇ ಇಟ್ಟನು. ನಮ್ಮ ಮನೆಗಳಲ್ಲಿ ಜ್ವರ ಬಂದವರ ಹಣೆಗೆ ಬಟ್ಟೆ ನೆನೆಸಿ ಹಾಕುತ್ತಿದ್ದ ಯುಡಿಕೊಲೋನ್ ಆ ವಂಶದ್ದೇ. ಇಂತಹ ಜಲಗಳಿಗೆ ಬೇಡಿಕೆ ಹಬ್ಬುತ್ತಿದ್ದ ಕಾಲದಲ್ಲಿ, 1750ರಲ್ಲಿ, ನಿಕೋಲ ಪರಿಸಿ ಎಂಬುವನು ರೆಜ್ಜೊದಲ್ಲಿ ಬೆರ್ಗಮೊಟ್ಟಿನ ತೋಟವನ್ನು ನೆಟ್ಟನು.

ತೈಲವನ್ನು ತೆಗೆಯುತ್ತಿದ್ದ ಬಗೆ ನಿಂತು ನೋಡತಕ್ಕಂಥದು. ಕೆಲಸಗಾರನು ಹಣ್ಣನ್ನು ಎರಡಾಗಿ ಸೀಳಿ, ಸೌಟಿನಂತೆ ಬಾಗಿದ ಅಲಗಿನಿಂದ ತಿರುಳನ್ನು ಕೆರೆದು ತೆಗೆದು, ಬರಿದಾದ ಸಿಪ್ಪೆಯ ಬಟ್ಟಲನ್ನು ಮಣ್ಣಿನ ಪಾತ್ರೆಯ ಮೇಲಿರಿಸಿದ ಕಡಲ ಸ್ಪಂಜಿಗೆ ಒತ್ತಿ ತಿರುಚುವನು; ಒಡೆದ ಗ್ರಂಥಿಗಳ ತೈಲವನ್ನು ಹೀರಿ ತೊಯ್ದ ಸ್ಪಂಜನ್ನು ಪಾತ್ರೆಯೊಳಕ್ಕೆ ಹಿಂಡಿದರೆ, ನೀರು ಕೆಳಗುಳಿದು ಹಸುರು ಛಾಯೆಯ ಎಣ್ಣೆ ಮೇಲೆ ತೇಲುವುದು. ಸುಮಾರು 200 ಕಿಲೋ ಹಣ್ಣಿಗೆ ಒಂದು ಕಿಲೋ ಎಣ್ಣೆ! ಬಟ್ಟಿಯಿಳಿಸೋಣವೆಂದರೆ ಶಾಖದಿಂದ ಪರಿಮಳವು ಕೆಡುವುದಾದುದರಿಂದ ಈ ಕೈಗೆಲಸಕ್ಕೆ ಬಹುಕಾಲ ಬದಲಿ ದೊರೆಯಲಿಲ್ಲ. 1844ರಲ್ಲಿ ನಿಕೋಲ ಬರಿಲ್ಲ ಎಂಬ ರೆಜ್ಜೊದವನು ಹಣ್ಣನ್ನು ಇಡಿಯಾಗಿ ತಿರುಗಿಸುತ್ತ ಸಿಪ್ಪೆಯ ಮೇಲ್ಪದರವನ್ನು ಮಾತ್ರ ತರೆಯುವ ಯಂತ್ರವೊಂದನ್ನು ರಚಿಸಿದ ಮೇಲೆ ಸ್ಪಂಜಿನ ಆಧಿಪತ್ಯ ಕ್ರಮೇಣ ಕುಗ್ಗಿತು.

ಸುಗಂಧಕಾರರು ಸಂಗೀತದ ಮಾತನ್ನು ಎರವಲು ತಂದು, ಶೀಶೆ ತೆರೆದೊಡನೆ ಮೂಗಿಗೆ ತಾಗುವ ವಾಸನೆಯನ್ನು ಮೇಲಿನ ಸ್ವರವೆನ್ನುತ್ತಾರೆ. ಬೆರ್ಗಮೊಟ್ ಈ ವರ್ಗಕ್ಕೆ ಸೇರಿದುದು. ಎಲ್ಲಕ್ಕಿಂತ ಮೊದಲು ಬಂದು ಎಲ್ಲಕ್ಕಿಂತ ಮೊದಲು ಆರಿಹೋಗುವುದು ಅದರ ಧರ್ಮ. 1925ರಲ್ಲಿ ಪ್ಯಾರಿಸ್ಸಿನ ಗೆರ್ಲೆನ್ ಸಂಸ್ಥೆ ಹೊರತಂದ ಶಾಲಿಮಾರ್ ಎಂಬ ಪ್ರಸಿದ್ಧ ಸುಗಂಧದಲ್ಲಿ ಗಾಢವಾದ ವೆನಿಲ್ಲಾ ತಲೆದೋರುವ ಮುನ್ನ ಬಾಗಿಲು ತೆರೆಯುವುದು ಈ ತೈಲವೇ. ಅದನ್ನು ಹಿಂಡಿದ ಕೈಗಳ ಸ್ಮೃತಿಯೂ ಅಷ್ಟೇ ಬೇಗ ಆರಿತು; ಶೀಶೆಗೆ ತುಂಬಿದವನ ಹೆಸರು ಉಳಿಯಿತು, ಸ್ಪಂಜು ಹಿಡಿದವನದು ಉಳಿಯಲಿಲ್ಲ. ತೋಟಗಳು ಮಾತ್ರ ಸ್ಥಳ ಬಿಟ್ಟು ಕದಲಿಲ್ಲ: ಜಗತ್ತಿನ ಬೆರ್ಗಮೊಟ್ ತೈಲದ ಬಹುಪಾಲು ಇಂದಿಗೂ ಕಲಾಬ್ರಿಯದ ಆ ಇಕ್ಕಟ್ಟಾದ ಕರಾವಳಿಯಿಂದಲೇ ಬರುತ್ತದೆ.